ಶಿಲುಬೆ ದಾಟಿದ ಮೇಲೆ ನೀನು

ಬೆಳಕು ಹರಿಯುವ ಮೊದಲು ಬುರ್ಗಿಯ ಕೆಲಸಗಳು ಇವು. ಅಡುಗೆಮನೆಯ ಒಲೆಯ ಬೂದಿ ತೆಗೆದು ಸೌದೆ ಇಡುವುದು. ಒಲೆಯ ಮೇಲಿನ ತಂತಿಗೆ ಅತಿಥಿಗಳು ಹಿಂದಿನ ಸಂಜೆ ನೇತುಹಾಕಿದ ಸ್ಕೀ ತೊಗಲುಗಳು ಒಣಗಿವೆಯೇ ಎಂದು ಮುಟ್ಟಿ ನೋಡುವುದು, ಒಣಗಿದ್ದನ್ನು ಬಿಸಿಯಿಂದ ದೂರ ಸರಿಸುವುದು. ಬೂಟುಗಳ ಒಳಪದರ ತಿರುವಿ ಹಾಕುವುದು. ಬಾಗಿಲಿಂದ ರಸ್ತೆಯವರೆಗೆ ಹಿಮ ಗೋರಿ ದಾರಿ ಮಾಡುವುದು. ಗೇಟಿಗೆ ಬೇಕರಿಯವನು ಸಿಕ್ಕಿಸಿ ಹೋದ ಬನ್ನಿನ ಚೀಲ ಒಳಗೆ ತರುವುದು. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುವುದು. ಫ್ಲಾಸ್ಕುಗಳನ್ನು ಬಿಸಿನೀರಲ್ಲಿ ತೊಳೆದು ಸಾಲಾಗಿ ಬೋರಲು ಹಾಕುವುದು. ಆಮೇಲೆ ಬಿಳಿ ಬೋಗುಣಿಯಲ್ಲಿ ಬೆಚ್ಚನೆ ನೀರು, ಟವೆಲು, ಮುಲಾಮು ಹಿಡಿದು ಹಜಾರದ ಕೊನೆಯ ಕೋಣೆಗೆ ಹೋಗಿ ಅತ್ತೆಯನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿಸುವುದು.

ಅತ್ತೆ ಕ್ರೆಸೆಂತ್ಸ್ ತೀರಿಕೊಂಡು ಕ್ರಿಸ್‌ಮಸ್ ಕಳೆದಿತ್ತು. ಬೋಗುಣಿಯಲ್ಲಿ ನೀರು ಮಾತ್ರ ದಿನಾ ಬೆಚ್ಚಗಾಗುತ್ತಿತ್ತು.

ಕೋಣೆಯ ಬಾಗಿಲು ತೆರೆದು, ಹಾಸಿಗೆ ಸುತ್ತಿಟ್ಟ ಬರಿ ಮಂಚ ಕಂಡ ಮೇಲೆ ಬುರ್ಗಿಗೆ ನೆನಪಾಗುತ್ತಿತ್ತು. ಅಳು ಬರುತ್ತಿರಲಿಲ್ಲ, ನಗುವೂ ಇಲ್ಲ. ಬಿಸಿನೀರು ದಂಡವಾಗಬಾರದೆಂದು ಅದನ್ನು ಒಯ್ದು ಹೊಸ್ತಿಲಿಗೆ ಹಾಕಿ ಬರುತ್ತಿದ್ದಳು.

ಶವಸಂಸ್ಕಾರದ ದಿನ ಊರಿನ ಹೆಂಗಸರೆಲ್ಲ ಅವಳ ಕೈ ಹಿಡಿದು ಒಂದೇ ಮಾತು ಹೇಳಿದ್ದರು: "ಇನ್ನಾದ್ರೂ ಸ್ವಲ್ಪ ಆರಾಮಾಗಿರು ಮಾರಾಯ್ತಿ." ಬುರ್ಗಿ ಹೂಂ ಎಂದಿದ್ದಳು. ಆರಾಮ ಎನ್ನುವುದು ಬರಲಿ ಎಂದು ಕಾದಿದ್ದಳು ಕೂಡ. ಬಂದದ್ದು ಬೇರೆ ಏನೋ. ಬಿಸಿ ಬಾಣಲೆಯ ಹಿಡಿ ಮುಟ್ಟಿದರೆ ಚರ್ಮ ಕೆಂಪಾಗುತ್ತಿತ್ತು, ಸುಟ್ಟದ್ದು ತಿಳಿಯುತ್ತಿರಲಿಲ್ಲ. ಸೂಪಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದನ್ನು ಅತಿಥಿಗಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು.

ಅವಳ ಪೂರ್ತಿ ಹೆಸರು ನೋಟ್‌ಬುರ್ಗ. ಆಲ್ಪ್ಸ್ ಬೆಟ್ಟಗಳ ನಮ್ಮ ಟಿರೋಲ್ ಕಡೆ ಮನೆಗೆಲಸದ ಹೆಣ್ಣಾಳುಗಳನ್ನು ಕಾಯುವ ಸಂತಳ ಹೆಸರು ಅದು. ಹುಟ್ಟಿದ ಮಗುವಿಗೆ ಆ ಹೆಸರಿಡುವಾಗ ಯಾರೂ ದೂರ ಯೋಚಿಸಿರುವುದಿಲ್ಲ. ಆದರೂ ಇಡುತ್ತಾರೆ, ಹೆಣ್ಣಿಗೆ ಮಾತ್ರ.

ನಮ್ಮೂರು ಲೆನ್‌ಬಾಖ್‌ನಲ್ಲಿ ಅವಳ ಮನೆ ಕೊನೆಯದು. ಅದರ ಹಿತ್ತಿಲಿಂದಲೇ ಕಾಡಿನ ರಸ್ತೆ ಮೇಲಕ್ಕೆ ಹೊರಡುತ್ತದೆ. ಚಳಿಗಾಲದಲ್ಲಿ ಆ ರಸ್ತೆಯ ಮೇಲೆ ದಿನಾ ನಸುಕಿನಲ್ಲಿ ಒಂದು ದೀಪ ಹತ್ತಿಹೋಗುತ್ತದೆ. ಅದು ಡಾಕ್ಟರ್ ಪ್ರಾಂಟ್ಲ್ ಅವರ ಹಣೆಯ ದೀಪ. ಊರಿಗೆ ಒಬ್ಬರೇ ಡಾಕ್ಟರು, ಅರವತ್ತು ಹತ್ತಿರವಾದ ಒಂಟಿ ಹೆಂಗಸು. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲು ಸ್ಕೀ ಕಟ್ಟಿಕೊಂಡು ಬೆಟ್ಟದ ಗುಡಿಸಲ ತನಕ ನಡೆದು ಹತ್ತಿ, ಜಾರಿ ಇಳಿದು ಬಂದು, ಆಮೇಲೆ ನಮ್ಮ ನಾಲಿಗೆ ನೋಡುತ್ತಾರೆ.

ಜನವರಿಯ ಒಂದು ಬೆಳಗ್ಗೆ ಬುರ್ಗಿ ಹೊಸ್ತಿಲಿಗೆ ನೀರು ಹೊಯ್ಯುತ್ತಿದ್ದಾಗ ಆ ದೀಪ ನಿಂತಿತು.

"ಯಾರಿಗೆ ಆ ನೀರು?"

"ಹೊಸ್ತಿಲಿಗೆ ಡಾಕ್ಟ್ರೇ. ಮಂಜುಗಡ್ಡೆ ಕಟ್ಟಿತ್ತು."

"ಈ ಚಳೀಲಿ ನೀರು ಹುಯ್ದರೆ ಇನ್ನೂ ಗಟ್ಟಿಯಾಗಿ ಕಟ್ಟುತ್ತೆ. ನಿಮಗೆ ನಾನು ಹೇಳಿಕೊಡಬೇಕಾ?"

ಡಾಕ್ಟರು ಅವಳ ಹೆಗಲ ಮೇಲಿನ ಟವೆಲು ನೋಡಿದರು, ಬೋಗುಣಿ ನೋಡಿದರು. ಆ ಬೋಗುಣಿ ಅವರಿಗೆ ಗುರುತಿತ್ತು.

"ಇಷ್ಟು ಹೊತ್ತಿಗೇ ಎದ್ದು ಏನ್ಮಾಡ್ತೀರಿ?"

"ಎದ್ದಿರ್ತೀನಿ."

"ಹೇಗೂ ಎದ್ದಿರ್ತೀರಲ್ಲ, ನಾಳೆ ನನ್ನ ಜೊತೆ ಬನ್ನಿ. ಗುಡಿಸಲ ತನಕ. ನಿಮ್ಮ ಅತಿಥಿಗಳು ಕಣ್ಣುಜ್ಜೋ ಹೊತ್ತಿಗೆ ವಾಪಸ್ ಬಂದಿರ್ತೀರಿ."

"ನಂಗೆ ಹತ್ತೋಕೆ ಬರಲ್ಲ."

"ಈ ಮನೇಲಿದ್ದುಕೊಂಡಾ?" ಡಾಕ್ಟರು ನಕ್ಕುಬಿಟ್ಟರು.

ನಗುವಂಥದ್ದೇ. ಬುರ್ಗಿಯ ಗಂಡ ಸೆರಾಫಿನ್ ಬೆಟ್ಟದ ಮಾರ್ಗದರ್ಶಿ. ಹಾಲೆಂಡಿನ ಹಲ್ಲು ಡಾಕ್ಟರುಗಳಿಂದ ಹಿಡಿದು ಬರ್ಲಿನ್ನಿನ ಮೇಷ್ಟರುಗಳವರೆಗೆ ಎಷ್ಟೋ ಜನರಿಗೆ ಸ್ಕೀ ಕಟ್ಟಿ ಬೆಟ್ಟ ಹತ್ತುವುದನ್ನು ಕಲಿಸಿದವನು. ಅವರೆಲ್ಲ ಉಳಿದುಕೊಳ್ಳುವುದು ಇದೇ ಮನೆಯಲ್ಲಿ. ಅವರ ತೊಗಲುಗಳನ್ನು ಒಣಗಿಸುವುದು ಬುರ್ಗಿ. ಸ್ಕೀಯ ಅಡಿಗೆ ಅಂಟಿಸುವ ಉದ್ದನೆಯ ಪಟ್ಟಿಗೆ ನಾವು ತೊಗಲು ಅನ್ನುತ್ತೇವೆ. ಅಜ್ಜಂದಿರ ಕಾಲದಲ್ಲಿ ಅದು ನಿಜವಾಗಿ ಸೀಲ್ ಪ್ರಾಣಿಯ ತೊಗಲೇ ಆಗಿತ್ತು, ಈಗ ಮಿಲ್ಲಿನ ರೋಮ. ರೋಮವೆಲ್ಲ ಹಿಂದಕ್ಕೆ ಬಾಗಿರುತ್ತದೆ. ಹಾಗಾಗಿ ಸ್ಕೀ ಮುಂದೆ ಜಾರುತ್ತದೆ, ಹಿಂದೆ ಜಾರದೆ ಹಿಮ ಕಚ್ಚಿ ಹಿಡಿಯುತ್ತದೆ. ಮೇಲೆ ತಲುಪಿದ ಮೇಲೆ ಕಿತ್ತು ಮಡಚಿ ಎದೆಯೊಳಗೆ ಇಟ್ಟುಕೊಂಡು ಇಳಿಯುವುದು. ಇಷ್ಟೆಲ್ಲ ಬುರ್ಗಿಗೆ ಗೊತ್ತು. ಶಾಲೆಯಲ್ಲಿದ್ದಾಗ ಎಲ್ಲ ಮಕ್ಕಳ ಹಾಗೆ ಅವಳೂ ಜಾರಿ ಇಳಿದವಳೇ. ಮದುವೆಯಾದ ಮೇಲೆ ಅದು ನಿಂತಿತು. ಹತ್ತುವುದಂತೂ ಅವಳ ಪಾಲಿಗೆ ಬಂದೇ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ.

ಸಂಜೆ ಅವಳು ವಿಷಯ ಎತ್ತಿದಾಗ ಸೆರಾಫಿನ್ ಡಂಪ್ಲಿಂಗ್ ಸೂಪು ಕುಡಿಯುತ್ತಿದ್ದ. ಚಮಚ ಬಾಯಿಯ ಹತ್ತಿರವೇ ನಿಂತಿತು.

"ಏನಂದೆ? ನೀನಾ?"

"ಡಾಕ್ಟರು ಕರೆದ್ರು."

"ಬೆಟ್ಟ ನೋಡಬೇಕು ಅಂದ್ರೆ ಆ ಕಿಟಕಿ ತೆಗಿಯೇ. ಮುಫತ್ತಾಗಿ ಕಾಣುತ್ತೆ."

"ನೋಡೋಕಲ್ಲ."

"ಮತ್ತೆ ತಿಂಡಿ?"

"ಮೇಜೆಲ್ಲ ರಾತ್ರಿನೇ ಹಾಕಿಟ್ಟಿರ್ತೀನಿ."

ಸೆರಾಫಿನ್ ಕೆಟ್ಟವನಲ್ಲ. ಊಟವಾದ ಮೇಲೆ ನೆಲಮಾಳಿಗೆಗೆ ಇಳಿದು ಅವಳ ಪಾದಕ್ಕೆ ಹೊಂದುವ ಬೂಟು ಹುಡುಕಿದ, ಗಿಡ್ಡನೆಯ ಒಂದು ಜೊತೆ ಸ್ಕೀ ತೆಗೆದ, ಬೂಟು ಕಚ್ಚುವ ಕೀಲುಗಳನ್ನು ತಿರುಗಿಸಿ ಸರಿಮಾಡತೊಡಗಿದ.

"ತೂಕ ಎಷ್ಟು ನಿಂದು?"

"ಗೊತ್ತಿಲ್ಲ."

"ಗೊತ್ತಿಲ್ದೆ ಹೇಗೆ ಬಿಗಿ ಮಾಡ್ಲಿ? ಜಾಸ್ತಿ ಆದ್ರೆ ಬಿದ್ದಾಗ ಕಾಲು ಮುರಿಯುತ್ತೆ, ಕಮ್ಮಿ ಆದ್ರೆ ದಾರೀಲೇ ಕಳಚಿಕೊಳ್ಳುತ್ತೆ." ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ, ಕುರಿ ಸಂತೆಯಲ್ಲಿ ನೋಡುವ ಹಾಗೆ, ಆದರೆ ಅಕ್ಕರೆಯಿಂದಲೇ. ಅಂದಾಜಿನ ಮೇಲೆ ತಿರುಗಿಸಿದ. ಕೊನೆಗೆ ಹಿಮದಡಿ ಸಿಕ್ಕಿಬಿದ್ದವರನ್ನು ಹುಡುಕುವ ಸಣ್ಣ ಪೆಟ್ಟಿಗೆಯನ್ನು ತಂದು ಅವಳ ಎದೆಗೆ ಕಟ್ಟಿ, ಗುಂಡಿ ಒತ್ತಿ ತೋರಿಸಿದ. "ಹೊರಡುವಾಗಲೇ ಹಚ್ಚಿಕೋ. ನೀನು ಎಲ್ಲಿದ್ದೀ ಅಂತ ಇದು ಹೇಳ್ತಾ ಇರುತ್ತೆ."

ಮನೆಯಲ್ಲಿ ಅಂಥದ್ದೊಂದು ಪೆಟ್ಟಿಗೆ ಬೇಕಾಗಿರಲಿಲ್ಲ. ಅವಳು ಎಲ್ಲಿದ್ದಾಳೆ ಎಂಬುದು ಮನೆಗೆ ಯಾವಾಗಲೂ ಗೊತ್ತಿತ್ತು.

ಮರುದಿನ ಹಿತ್ತಿಲಲ್ಲಿ ಡಾಕ್ಟರು ಅವಳ ಬೆನ್ನಿನ ಚೀಲ ಎತ್ತಿ ನೋಡಿ ಹುಬ್ಬು ಹಾರಿಸಿದರು. "ಏನಿದೆ ಇದರಲ್ಲಿ?"

"ಚಹಾ. ನಿಮಗೊಂದು ಫ್ಲಾಸ್ಕು, ನಂಗೊಂದು. ಬನ್ನು. ಮೊಟ್ಟೆ. ಒಣ ಕಾಲುಚೀಲ. ಒಂದು ಕಂಬಳಿ. ಬ್ಯಾಂಡೇಜು."

"ಡಾಕ್ಟರ ಜೊತೆ ಬರ್ತಾ ಬ್ಯಾಂಡೇಜು ತರ್ತೀರಾ? ಇಡೀ ಅಡುಗೆಮನೆಗೇ ಸ್ಕೀ ಕಟ್ಟಿಬಿಟ್ಟಿದ್ದೀರಿ."

ಹೊರಟರು. ಬುರ್ಗಿ ಒಂದೊಂದು ಹೆಜ್ಜೆಗೂ ಸ್ಕೀಯನ್ನು ನೆಲದಿಂದ ಎತ್ತಿ ಮುಂದೆ ಇಡುತ್ತಿದ್ದಳು. ಬೂಟಿನ ಹಿಮ್ಮಡಿ ಬಿಡಿಯಾಗಿತ್ತು, ಮುಂಗಾಲು ಮಾತ್ರ ಕಚ್ಚಿಕೊಂಡಿತ್ತು. ಎತ್ತಿದಾಗಲೆಲ್ಲ ಸ್ಕೀಯ ಬಾಲ ಕೆಳಗೆ ಜೋತು ಬಿದ್ದು ಹಿಂದಿನ ಸ್ಕೀಯನ್ನು ಮೆಟ್ಟುತ್ತಿತ್ತು. ಸ್ವಲ್ಪ ದೂರಕ್ಕೇ ಅವಳ ತೊಡೆ ನಡುಗತೊಡಗಿತು. ಡಾಕ್ಟರು ಹಿಂದಿನಿಂದ ನೋಡುತ್ತ ಬರುತ್ತಿದ್ದರು.

"ಎತ್ತಬೇಡಿ. ಜಾರಿಸಿ."

"ಎತ್ತದೆ ಹೇಗೆ ಮುಂದೆ ಹೋಗುತ್ತೆ?"

"ಅದು ಹಿಮದ ಮೇಲೆ ಕೂತಿದೆ. ಅದರ ಭಾರ ಹಿಮದ್ದು, ನಿಮ್ಮದಲ್ಲ. ನೀವು ಬರೀ ಮುಂದೆ ತಳ್ಳಿ."

ತಿಳಿಯಿತು. ಕಾಲಿಗೆ ಮಾತ್ರ ತಿಳಿಯಲಿಲ್ಲ. ಹತ್ತು ಹೆಜ್ಜೆ ಜಾರಿಸುವಳು, ಹನ್ನೊಂದನೆಯದನ್ನು ಎತ್ತಿಬಿಡುವಳು. ಸೌದೆಯ ಬುಟ್ಟಿ, ಒದ್ದೆ ಹೊದಿಕೆಗಳ ತೊಟ್ಟಿ, ಅತ್ತೆ. ಇಷ್ಟು ವರ್ಷ ಯಾವುದೂ ಎತ್ತದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿರಲಿಲ್ಲ.

ರಸ್ತೆ ಕಾಡಿನೊಳಗೆ ಮೊದಲ ಸಲ ತಿರುಗುವಲ್ಲಿ ಒಂದು ಮರದ ಶಿಲುಬೆಯಿದೆ. ಅದರ ತಲೆಯ ಮೇಲೆ ತಗಡಿನ ಚಿಕ್ಕ ಸೂರು. ಬೆಟ್ಟದಲ್ಲಿ ಸಾವಿರ ಮೀಟರಿಗೆ ಮೇಲೆ ಯಾರೂ ಯಾರಿಗೂ ನೀವು ಅನ್ನಬಾರದು ಎಂಬ ರೂಢಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಮೀಟರು ಅಳೆಯುವವರು ಯಾರು? ನಮ್ಮೂರವರಿಗೆ ಶಿಲುಬೆಯೇ ಗಡಿ. ಅದನ್ನು ದಾಟಿದ ಮೇಲೆ ಪಾದ್ರಿಯೂ ನೀನು, ಬ್ಯಾಂಕಿನ ಮ್ಯಾನೇಜರೂ ನೀನು. ಇಳಿದು ಬಂದು ದಾಟಿದರೆ ಮತ್ತೆ ನೀವು. ಮೇಲೆ ಬಾಯಿತಪ್ಪಿ ನೀವು ಅಂದವರು ಇನ್ನೊಬ್ಬರ ಚೀಲ ಹೊರಬೇಕು.

ಡಾಕ್ಟರು ಕೋಲಿನಿಂದ ಶಿಲುಬೆಯ ಬುಡ ತಟ್ಟಿದರು. "ನನ್ನ ಹೆಸರು ಗೆರ್ಲಿಂಡೆ. ಏನಂತೀಯ ಬುರ್ಗಿ, ಕಾಲು ಹೇಗಿದೆ?"

"ಪರವಾಗಿಲ್ಲ ಡಾಕ್ಟ್ರೇ. ನಿಮಗೆ ನನ್ನಿಂದ ತಡವಾಯ್ತು."

"ಆಹಾ! ನಿಮಗೆ! ತಗೋ." ಗೆರ್ಲಿಂಡೆ ಕೂಡಲೇ ತನ್ನ ಚೀಲ ಕಳಚಿ ಕೊಟ್ಟಳು. ಬುರ್ಗಿ ಅದನ್ನು ಎದೆಯ ಕಡೆಗೆ ಹಾಕಿಕೊಂಡಳು, ಬೆನ್ನಿಗೆ ತನ್ನದು ಇತ್ತಲ್ಲ. ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೂ ನೆಟ್ಟಗೆ ನಡೆಯತೊಡಗಿದಳು.

ಗೆರ್ಲಿಂಡೆ ಸ್ವಲ್ಪ ಹೊತ್ತು ನೋಡಿ ಗಕ್ಕನೆ ನಿಂತಳು. "ಛೆ, ನಿಂಗೆ ಇದು ಶಿಕ್ಷೆನೇ ಅಲ್ಲ. ಕೊಡು ಇಲ್ಲಿ ಎರಡೂ."

"ಬೇಡ ಬಿಡಿ..."

"ಬಿಡಿ? ಮತ್ತೊಂದು ಸಲ! ಕೊಡೇ ಅಂದ್ರೆ. ನಿನ್ನ ಶಿಕ್ಷೆ ಇದು: ಖಾಲಿ ಬೆನ್ನಲ್ಲಿ ನಡಿ."

ಗುಡಿಸಲ ತನಕ ಬುರ್ಗಿ ಏನೂ ಹೊರದೆ ನಡೆದಳು. ಬೆನ್ನಿಗೆ ಗಾಳಿ ತಾಗುತ್ತಿತ್ತು. ತೂಕ ಇಲ್ಲದೆ ಮೈ ಎತ್ತ ವಾಲಬೇಕೆಂದು ತಿಳಿಯದೆ ಎರಡು ಸಲ ಬಿದ್ದಳು. ಹಿಂದೆ ಊರಿನ ಡಾಕ್ಟರು ಎರಡು ಚೀಲ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದುದನ್ನು ಕೇಳಿ ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಏನೂ ಆಗಲಿಲ್ಲ.

ಮುಚ್ಚಿದ ಗುಡಿಸಲ ಮುಂದಿನ ಬೆಂಚಿನಲ್ಲಿ ಕೂತು ತೊಗಲು ಕೀಳಲು ಅವಳು ಕೈಗವಸು ತೆಗೆದಳು. ಬೆರಳುಗಳು ಬೆಳ್ಳಗೆ ಮರಗಟ್ಟಿದ್ದವು. ಫ್ಲಾಸ್ಕಿನ ಮುಚ್ಚಳದ ಬಿಸಿ ಹತ್ತಿ, ರಕ್ತ ವಾಪಸ್ಸು ಬರುವಾಗ ಉಗುರಿನಡಿ ಸೂಜಿ ಚುಚ್ಚಿದಂಥ ನೋವು. ಕಣ್ಣಲ್ಲಿ ನೀರು ಬಂತು.

"ಬಂತಾ? ಒಳ್ಳೇದು," ಗೆರ್ಲಿಂಡೆ ಅಂದಳು. "ನೋವು ಬಂದ್ರೆ ಬೆರಳು ಜೀವಂತ ಇದೆ ಅಂತ."

ಬುರ್ಗಿ ಕಾದಳು. ಬೆರಳಿನ ಹಿಂದೆಯೇ ಇನ್ನೇನಾದರೂ ಬರಬಹುದೇನೋ ಎಂದು. ನೋವು ಕೈಯಲ್ಲಿ ಶುರುವಾಗಿ ಕೈಯಲ್ಲೇ ಮುಗಿಯಿತು. ಮೊಟ್ಟೆ ಸುಲಿದು ಇಬ್ಬರಿಗೂ ಹಂಚಿದಳು.

ಇಳಿಯುವಾಗ ಮೊಣಕಾಲಿಗೆ ಹಳೆಯದೆಲ್ಲ ನೆನಪಿತ್ತು. ಶಿಲುಬೆಯ ಹತ್ತಿರ ಇಬ್ಬರೂ ನಿಂತರು. ಅಲ್ಲಿ ಎಲ್ಲರೂ ನಿಲ್ಲುತ್ತಾರೆ, ಟೋಪಿ ಸರಿಮಾಡಿಕೊಳ್ಳುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ. "ಸರಿ ಹಾಗಾದ್ರೆ, ನಾಳೆ ಸಿಗ್ತೀರಲ್ಲ?" ಅಂದರು ಡಾಕ್ಟರ್ ಪ್ರಾಂಟ್ಲ್.

ಸಿಕ್ಕಳು. ಮರುದಿನವೂ, ಅದರ ಮರುದಿನವೂ. ಖುಷಿಗೆ ಅಂತ ಹೇಳಲಾಗದು. ಬೋಗುಣಿ ಹಿಡಿಯುತ್ತಿದ್ದ ಕೈಗಳಿಗೆ ಬೇರೆ ಕೆಲಸ ಸಿಕ್ಕಿತ್ತು, ಅಷ್ಟೇ. ಕಡಿದಾದ ಕಡೆ ಹಿಮ್ಮಡಿಯಡಿಯ ಆಸರೆ ಎತ್ತರಿಸಿಕೊಳ್ಳುವುದು, ಎದುರುಬದುರು ನಿಂತು ಎದೆಯ ಪೆಟ್ಟಿಗೆಗಳ ಸದ್ದು ಪರೀಕ್ಷಿಸುವುದು ಎಲ್ಲ ಕಲಿತಳು. ಬಾರದಿದ್ದದ್ದು ಒಂದೇ, ತಿರುವು. ಇಳಿಜಾರಿನಲ್ಲಿ ಅಡ್ಡಡ್ಡ ಹತ್ತುತ್ತ ಹೋಗಿ ಮೂಲೆಯಲ್ಲಿ ದಿಕ್ಕು ಬದಲಿಸಬೇಕಾದಾಗ ಮೇಲಿನ ಸ್ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಡಬೇಕು. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ. ಆಮೇಲೆ ಕೆಳಗಿನದನ್ನು ಒದರಿ ಎಳೆದುಕೊಳ್ಳಬೇಕು. ಬುರ್ಗಿ ಆ ಮಧ್ಯದಲ್ಲೇ ಸಿಕ್ಕಿಕೊಂಡು ನಿಂತುಬಿಡುತ್ತಿದ್ದಳು.

"ಅಲ್ಲೇ ಮನೆ ಕಟ್ತೀಯಾ?" ಎಂದು ಗೆರ್ಲಿಂಡೆ ಮೇಲಿನಿಂದ ಕೂಗುವಳು. "ಹಿಂದಿನ ಕಾಲು ಬಿಡು! ಅದನ್ನ ನಂಬಿ ನಿಂತ್ರೆ ಬರಲ್ಲ!"

ಜನವರಿಯ ನಡುವೆ ಸೆರಾಫಿನ್‌ನ ಅಣ್ಣ ವಿನ್ಸೆಂಟ್ಸ್ ಮರ ಕಡಿಯುವಲ್ಲಿ ಕುಸಿದುಬಿದ್ದ. ಲಕ್ವ. ಮದುವೆಯಾಗದ ಮನುಷ್ಯ. ಊರಾಚೆ ಒಂಟಿ ಮನೆಯಲ್ಲಿ ಇದ್ದವನು, ಭಾನುವಾರ ಮಾತ್ರ ಊಟಕ್ಕೆ ಬಂದು, ತಟ್ಟೆ ಮುಂದೆ ತಳ್ಳಿ, "ಇನ್ನೊಂದು ಹಾಕು" ಎನ್ನುತ್ತಿದ್ದವನು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗಡೆ ಉಳಿಯಲಿಲ್ಲ.

ಸೆರಾಫಿನ್ ಮತ್ತು ಬುರ್ಗಿಯನ್ನು ಡಾಕ್ಟರು ತಿಂಗಳ ಕೊನೆಗೆ ಕ್ಲಿನಿಕ್ಕಿಗೆ ಕರೆಸಿದರು. ಬಿಳಿ ಕೋಟು ಹಾಕಿದ್ದರು. ಪೇಟೆಯ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಇದೆ, ಫೆಬ್ರವರಿ ಎರಡರ ಮಧ್ಯಾಹ್ನದ ತನಕ ಹಿಡಿದಿಡುತ್ತಾರೆ, ಬೇಡವಾದರೆ ಅದೇ ದಿನ ಆಂಬುಲೆನ್ಸು ಅವನನ್ನು ಮನೆಗೆ ತಂದು ಬಿಡುತ್ತದೆ ಎಂದರು.

"ನೀವು ಮನೇಲೇ ನೋಡ್ಕೊಳ್ತೀರಾ?"

"ನಾವು ನೋಡ್ಕೋತೀವಿ ಡಾಕ್ಟ್ರೇ," ಅಂದ ಸೆರಾಫಿನ್. "ಅಮ್ಮನ್ನೇ ನೋಡ್ಕೊಂಡ್ವಲ್ಲ, ಇವನೇನು ಹೆಚ್ಚು? ಕೋಣೆ ಹೇಗೂ ಖಾಲಿ ಬಿದ್ದಿದೆ."

"ನಿಜ, ನಿಮ್ಮ ತಾಯಿಗೆ ಕೊನೇ ತನಕ ಮೈಮೇಲೆ ಒಂದು ಹುಣ್ಣೂ ಆಗಿರಲಿಲ್ಲ," ಅಂದರು ಡಾಕ್ಟರು. "ಅಷ್ಟು ಚೆನ್ನಾಗಿ ನೋಡ್ಕೊಂಡ್ರಿ."

ಸೆರಾಫಿನ್ ತಲೆ ತಗ್ಗಿಸಿ ಹೊಗಳಿಕೆ ಒಪ್ಪಿಸಿಕೊಂಡ. ಅವನ ಪಕ್ಕದ ಕುರ್ಚಿಯಲ್ಲಿ ಬುರ್ಗಿ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ನಾವು ಎಂಬ ಪದದಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು ಕೇಳಿಸಿಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಅತ್ತೆಯನ್ನು ನಾವು ನೋಡಿಕೊಂಡಿದ್ದ ಅಷ್ಟು ವರ್ಷಗಳಲ್ಲಿ ಸೆರಾಫಿನ್ ದಿನಾ ಸಂಜೆ ಬಾಗಿಲಲ್ಲಿ ನಿಂತು, "ಹೇಗಿದ್ದೀರಮ್ಮ?" ಎಂದು ಕೇಳುತ್ತಿದ್ದ. ಅದನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಮರುದಿನ ಶಿಲುಬೆ ದಾಟಿದ ಮೇಲೆ ಗೆರ್ಲಿಂಡೆ ಮರಗಳು ಮುಗಿಯುವಲ್ಲಿ ಕೋಲು ಊರಿ ನಿಂತಳು.

"ಬುರ್ಗಿ, ನಿನ್ನೆ ನೀನು ಯಾಕೆ ಸುಮ್ನಿದ್ದೆ?"

"ನೀನು ನನ್ನ ಕೇಳಲಿಲ್ಲ."

"ನೀವು ನೋಡ್ಕೊಳ್ತೀರಾ ಅಂತ ಕೇಳಿದ್ನಲ್ಲ."

"ಅದಕ್ಕೆ ಅವನು ನಾವು ಅಂದ. ಲೆಕ್ಕ ಸರಿಹೋಯ್ತು."

ಗೆರ್ಲಿಂಡೆ ಕೈಗವಸಿನ ಬೆನ್ನಿಂದ ಮೂಗು ಒರೆಸಿಕೊಂಡಳು. "ಸರಿ. ಈಗ ನಿನ್ನ ಕೇಳ್ತೀನಿ. ನೀನು ಅವನನ್ನ ನೋಡ್ಕೊಳ್ತೀಯಾ?"

ಅಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಅವಳು ಅತ್ತೆಗೆ ನೀವು ಅನ್ನುವುದು, ಅತ್ತೆ ಅವಳಿಗೆ ಹೆಚ್ಚಾಗಿ ಏನೂ ಅನ್ನದೆ ಬರಿ ಬೆರಳಲ್ಲಿ ತೋರಿಸುವುದು. ಬುರ್ಗಿ ಉತ್ತರಕ್ಕಾಗಿ ಒಳಗೆ ತಡಕಾಡಿದಳು. ಕತ್ತಲೆ ಉಗ್ರಾಣದಲ್ಲಿ ಕೈಯಾಡಿಸಿದ ಹಾಗೆ, ಯಾವ ಡಬ್ಬಿಯೂ ಕೈಗೆ ಸಿಗಲಿಲ್ಲ.

"ಗೊತ್ತಿಲ್ಲ," ಅಂದಳು. "ಬೇಜಾರೂ ಆಗ್ತಿಲ್ಲ. ಸಿಟ್ಟೂ ಬರ್ತಿಲ್ಲ. ಬಂದಿದ್ರೆ ಹೇಳಬಹುದಿತ್ತು."

"ಸಿಟ್ಟು ಬರೋ ತನಕ ಕಾಯ್ಬೇಕಾ?"

"ಸುಮ್‌ಸುಮ್ನೆ ಬೇಡ ಅನ್ನೋಕಾಗುತ್ತಾ?"

"ಸುಮ್‌ಸುಮ್ನೆ ಹೂಂ ಅಂತೀಯಲ್ಲ," ಅಂದಳು ಗೆರ್ಲಿಂಡೆ. "ಆ ಆರೈಕೆ ಮನೆ ಕೆಟ್ಟದ್ದೇನಲ್ಲ. ಕಿಟಕಿಯಿಂದ ನದಿ ಕಾಣುತ್ತೆ. ಅಲ್ಲಿ ನೋಡ್ಕೊಳ್ಳೋರು ಪಾಳಿ ಮುಗಿದ ಮೇಲೆ ಮನೆಗೆ ಹೋಗ್ತಾರೆ, ಅಷ್ಟೇ ವ್ಯತ್ಯಾಸ. ಆದ್ರೆ ನೋಡು, ಇಲ್ಲಿ ಮೇಲೆ ನೀನು ಏನಂದ್ರೂ ನಾನದನ್ನ ಕೆಳಗೆ ಹೊತ್ಕೊಂಡು ಹೋಗಲ್ಲ. ಹೇಳೋದಿದ್ರೆ ಕೆಳಗೆ ಬಂದು ನೀನೇ ಹೇಳ್ಬೇಕು."

ಫೆಬ್ರವರಿ ಎರಡು ನಮಗೆ ಮೇಣದಬತ್ತಿಯ ಹಬ್ಬ. ಚರ್ಚಿನಲ್ಲಿ ವರ್ಷದ ಮೇಣದಬತ್ತಿಗಳಿಗೆ ಆಶೀರ್ವಾದ ಮಾಡಿಸಿ ತರುತ್ತೇವೆ. ಹಿಂದೆ ಆಳುಗಳ ವರ್ಷ ಮುಗಿಯುತ್ತಿದ್ದುದೂ ಆವತ್ತೇ. ಕೂಲಿ ಇಸಿದುಕೊಂಡು, ಬೇಕಾದವರು ಉಳಿಯುತ್ತಿದ್ದರು, ಬೇಡವಾದವರು ಪೆಟ್ಟಿಗೆ ಹೆಗಲಿಗೇರಿಸಿ ಬೇರೆ ಮನೆಗೆ ಹೊರಡುತ್ತಿದ್ದರು. ಬುರ್ಗಿಯ ಅಜ್ಜಿ ಆಳಾಗಿದ್ದವಳು. ಅಂಥ ಎಷ್ಟೋ ಹಬ್ಬಗಳಲ್ಲಿ ಮನೆ ಬದಲಿಸಿದ್ದಳಂತೆ. ಸೊಸೆಯಂದಿರಿಗೆ ಅಂಥ ಹಬ್ಬ ಯಾವುದೂ ಇರಲಿಲ್ಲ.

ಹಿಂದಿನ ಸಂಜೆ ಸೆರಾಫಿನ್ ಕೊನೆಯ ಕೋಣೆಯ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು ಹಾಕಿದ, ಎರಡೂ ಕಡೆಯಿಂದ ಹೊರಳಿಸಲು ಸುಲಭವಾಗಲಿ ಎಂದು. "ನೋಡು, ನಿಂಗೆ ಬೆನ್ನು ನೋಯಬಾರದು ಅಂತ," ಅಂದ. ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಬುರ್ಗಿ ಮಂಚದ ಮೇಲೆ ಬಿಳಿ ಹಾಸು ಹಾಸಿದಳು. ಕೈಗಳು ತಾವೇ ಹಾಸಿದವು, ಮೂಲೆಗಳನ್ನು ಮಡಚಿ ಬಿಗಿ ಮಾಡಿದವು.

ಹಬ್ಬದ ಬೆಳಗ್ಗೆ ಹಿತ್ತಿಲಲ್ಲಿ ದೀಪ ಬರಲಿಲ್ಲ. ಫೋನಿನಲ್ಲಿ ಡಾಕ್ಟರ ಸಂದೇಶವಿತ್ತು: ಮೇಲಿನ ಕೇರಿಯಲ್ಲಿ ಹೆರಿಗೆ, ಎಂಟಕ್ಕೆ ಕ್ಲಿನಿಕ್ಕಿನಲ್ಲಿರುತ್ತೇನೆ, ಹಿಮ ಗಟ್ಟಿಯಾಗಿ ನಿಂತಿದೆ, ರಸ್ತೆ ಬಿಟ್ಟು ಆಚೆ ಹೋಗದಿದ್ದರೆ ಒಬ್ಬರೇ ಹೋಗಬಹುದು ನೀವು.

ನೀವು ಎಂದು ಬರೆದಿದ್ದರು. ಮನೆ ಶಿಲುಬೆಗಿಂತ ಕೆಳಗಿತ್ತಲ್ಲ.

ಬುರ್ಗಿ ಬನ್ನುಗಳನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ಒಲೆಗೆ ಎರಡು ಕೊರಡು ಹೆಚ್ಚಿಗೆ ತುರುಕಿದಳು. ಎದೆಯ ಪೆಟ್ಟಿಗೆ ಹಚ್ಚಿಕೊಂಡಳು. ಚೀಲ ತೆಗೆದುಕೊಂಡು, ಮತ್ತೆ ತೆರೆದು, ಕಂಬಳಿ ತೆಗೆದಿಟ್ಟಳು, ಎರಡನೆಯ ಫ್ಲಾಸ್ಕು ತೆಗೆದಿಟ್ಟಳು.

ಒಬ್ಬಳೇ ಹತ್ತುವಾಗ ತೊಗಲಿನ ಸದ್ದು ಮಾತ್ರ. ಸರ್, ಸರ್. ಎತ್ತಿದರೆ ಆ ಸದ್ದು ನಿಲ್ಲುತ್ತದೆ, ಜಾರಿಸಿದರೆ ಇರುತ್ತದೆ. ಅವಳು ಸದ್ದು ನಿಲ್ಲದ ಹಾಗೆ ನಡೆದಳು. ಗುಡಿಸಲಿಗೆ ಮುಂಚಿನ ಕಡಿದಾದ ತಿರುವಿನಲ್ಲಿ ಮೇಲಿನ ಸ್ಕೀ ತಿರುಗಿಸಿಟ್ಟಳು. ಎಂದಿನಂತೆ ಮಧ್ಯದಲ್ಲಿ ನಿಂತಳು. ಅಲ್ಲೇ ಮನೆ ಕಟ್ತೀಯಾ ಎಂದು ಕೂಗಲು ಯಾರೂ ಇರಲಿಲ್ಲ. ತೂಕವನ್ನೆಲ್ಲ ಮೇಲಿನ ಕಾಲಿಗೆ ಕೊಟ್ಟು ಹಿಂದಿನದನ್ನು ಒದರಿದಳು. ಅದು ಬಂದು ಪಕ್ಕದಲ್ಲಿ ಸೇರಿಕೊಂಡಿತು. ಹಿಗ್ಗೇನೂ ಆಗಲಿಲ್ಲ. ಬಂತು, ಅಷ್ಟೇ.

ಬೆಂಚಿನ ಮೇಲೆ ಕೂತಾಗ ಎದುರು ಬೆಟ್ಟದ ನೆತ್ತಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಫೋನು ಹೊರತೆಗೆದಳು. ಇಲ್ಲಿಂದಲೇ ಹೇಳಿಬಿಡಬಹುದಿತ್ತು. ಇಲ್ಲಿ ಗೆರ್ಲಿಂಡೆ ನೀನು, ಹೇಳುವುದು ಸುಲಭ. ಆದರೆ ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ, ಗೆರ್ಲಿಂಡೆಯೇ ಹೇಳಿರಲಿಲ್ಲವೇ. ಬೆರಳುಗಳು ಮರಗಟ್ಟುವ ಮೊದಲೇ ಫೋನನ್ನು ಒಳಗಿಟ್ಟಳು. ತೊಗಲು ಕಿತ್ತು ಮಡಚಿ ಎದೆಗೆ ಸೇರಿಸಿ ಇಳಿದಳು.

ಶಿಲುಬೆಯ ಹತ್ತಿರ ನಿಂತಳು. ಟೋಪಿ ಸರಿಮಾಡಿಕೊಂಡಳು. ಕೆಳಗೆ ಅವಳ ಮನೆಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಅತಿಥಿಗಳ ಒಂದು ಕಿಟಕಿಯಲ್ಲಿ ಬೆಳಕು ಬಂದಿತ್ತು. ಕೊನೆಯ ಕೋಣೆಯ ಕಿಟಕಿ ಕತ್ತಲಾಗಿತ್ತು. ಅದರೊಳಗೆ ಬಿಳಿ ಹಾಸಿನ ಮಂಚ ಗೋಡೆಯಿಂದ ಈಚೆ ನಿಂತಿತ್ತು.

ವಿನ್ಸೆಂಟ್ಸ್‌ನ ಮುಖ ನೆನೆದಳು. ಅವನ ಮೇಲೆ ಅವಳಿಗೆ ಏನೂ ಇರಲಿಲ್ಲ. ಭಾನುವಾರ ಸೂಪು ಒಯ್ದು ಕೊಡಬಹುದು. ಅಂಥದ್ದು ಆಗುತ್ತದೆ. ಸೆರಾಫಿನ್ ಏನನ್ನುತ್ತಾನೆ ಎಂದು ನೆನೆದಳು. ಅವನು ಬೈಯುವುದಿಲ್ಲ, ಅರ್ಥವಾಗದವನ ಹಾಗೆ ನೋಡುತ್ತಾನೆ. ಊರಿನ ಹೆಂಗಸರು ಬೇಕರಿಯಲ್ಲಿ ದನಿ ತಗ್ಗಿಸುತ್ತಾರೆ. ಇದರಲ್ಲಿ ಯಾವುದನ್ನು ನೆನೆದರೂ ಒಳಗೆ ಏನೂ ಕದಲಲಿಲ್ಲ. ಸಿಟ್ಟು ಬರಲೆಂದು ಇನ್ನೂ ಸ್ವಲ್ಪ ಕಾದಳು. ಬರಲಿಲ್ಲ. ಬಾರದೆಯೂ ಆಗಬಹುದು ಎನಿಸಿತು.

ಮೆಲ್ಲಗೆ ಜಾರಿ ಶಿಲುಬೆಯನ್ನು ದಾಟಿ, ಕೆಳಗಿನ ಬದಿಗೆ ಬಂದು ಮತ್ತೆ ನಿಂತಳು. ಅಲ್ಲಿ ಯಾರೂ ನಿಲ್ಲುವುದಿಲ್ಲ.

"ನಮಗೆ ಕಷ್ಟ ಆಗುತ್ತೆ ಡಾಕ್ಟ್ರೇ," ಎಂದು ಬಾಯಿಬಿಟ್ಟು ಹೇಳಿ ನೋಡಿದಳು. ಮತ್ತೆ ನಾವು. ತಲೆಯಾಡಿಸಿದಳು.

"ನೋಡ್ಕೊಳ್ಳೋಕೆ ಆಗುತ್ತೋ ಇಲ್ವೋ..." ಇದರಲ್ಲಿ ಯಾರೂ ಇರಲಿಲ್ಲ.

ಮೂರನೆಯ ಸಲ ಕೋಲುಗಳನ್ನು ಹಿಮಕ್ಕೆ ಊರಿಕೊಂಡು ಹೇಳಿದಳು. "ನಾನು ನೋಡ್ಕೊಳ್ಳಲ್ಲ ಡಾಕ್ಟ್ರೇ. ನೀವು ಆ ಹಾಸಿಗೇನ ಭಾವನವರಿಗೇ ಹಿಡಿದಿಡೋಕೆ ಹೇಳಿ."

ಕೆಳಗಿನ ಗಾಳಿಯಲ್ಲೂ ಮಾತು ನಿಂತಿತು. ದನಿ ನಡುಗಲಿಲ್ಲ, ಏರಲೂ ಇಲ್ಲ. ಇನ್ನೊಂದು ಸಲ ಹೇಳಿದಳು, ಅಷ್ಟೇ ಸಪ್ಪೆಯಾಗಿ.

ರಸ್ತೆ ಕಾಡಿನ ಅಂಚಿನಲ್ಲಿ ಎರಡಾಗುತ್ತದೆ. ಎಡಕ್ಕೆ ಅವಳ ಹಿತ್ತಿಲು, ಬಲಕ್ಕೆ ಕ್ಲಿನಿಕ್ಕು. ಬುರ್ಗಿ ಸ್ಕೀಗಳ ಮೂತಿಯನ್ನು ಬಲಕ್ಕೆ ತಿರುಗಿಸಿಕೊಂಡಳು.